ಬಸ್ಸು ನಿಲ್ಲದ ಊರಿನ ದೇವಿ

ಮಾರಿ ಸೆಲ್ವರಾಜ್ ಅವರ ತಮಿಳು ಚಿತ್ರ 'ಕರ್ಣನ್' (2021) ನೋಡಿ ಮುಗಿಸಿದ ರಾತ್ರಿ ಹಾಸ್ಟೆಲಿನ ಹುಡುಗನೊಬ್ಬ ನನ್ನನ್ನು ಕೇಳಿದ: 'ಎಲ್ಲಾ ನಿಜಾನೇ ಐತೆ ಕಣಣ್ಣ. ಮಧ್ಯದಲ್ಲಿ ಆ ಮುಖವಾಡದ ಹುಡುಗಿ ಯಾಕೆ? ದೆವ್ವ, ದೇವ್ರು ತಂದ್ರೆ ನಮ್ ಕಷ್ಟಾನೂ ಜನ ಕತೆ ಅಂದ್ಕೊಳಲ್ವಾ?' ವಿಚಾರವಾದದಲ್ಲಿ ಬೆಳೆದ ನಮ್ಮ ಚಳವಳಿಯ ಹಳೆಯ ಅನುಮಾನ ಇದು. ತಳ್ಳಿಹಾಕುವಂಥದ್ದಲ್ಲ.

ಚಿತ್ರದ ಆರಂಭದಲ್ಲೇ ಒಬ್ಬ ಹುಡುಗಿ ನಡುರಸ್ತೆಯಲ್ಲಿ ಫಿಟ್ಸ್ ಬಂದು ಬಿದ್ದು ಒದ್ದಾಡುತ್ತಾಳೆ. ಆಚೆ ಈಚೆ ಬಸ್ಸುಗಳು ಹಾದುಹೋಗುತ್ತವೆ, ಒಂದೂ ನಿಲ್ಲುವುದಿಲ್ಲ. ಪೊಡಿಯಂಕುಳಂ ದಲಿತರ ಊರು, ಅದಕ್ಕೆ ಬಸ್ ಸ್ಟಾಪಿಲ್ಲ. ಬಸ್ಸು ಬೇಕೆಂದರೆ ಬಲಾಢ್ಯ ಜಾತಿಯವರ ಮೇಲೂರಿಗೆ ಹೋಗಿ ನಿಲ್ಲಬೇಕು. ಸತ್ತ ಹುಡುಗಿ ದೇವಿಯ ಮುಖವಾಡ ತೊಟ್ಟು ಎದ್ದು, ಆಮೇಲೂ ಆಗಾಗ ಬಂದು ಊರನ್ನು ನೋಡುತ್ತಾ ನಿಲ್ಲುತ್ತಾಳೆ.

ಈ ಸಾವನ್ನು ಯಾವ ಠಾಣೆಯಲ್ಲಿ ಬರೆಸುವುದು? ಕೊಂದವರು ಯಾರು ಅಂತ ಬರೆಸುವುದು? ನಮ್ಮ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಸತ್ತವರಿದ್ದಾರೆ, ಕೊಂದವರೇ ಇಲ್ಲ! ಮಾಂತ್ರಿಕ ವಾಸ್ತವ ಅಂದರೆ ಇದಲ್ಲವೆ? ಮಾಯೆ ಇರುವುದು ಕೋರ್ಟಿನ ಕಡತದಲ್ಲಿ. ಕಡತ ಕೈಬಿಟ್ಟವಳನ್ನು ಊರು ನೆನಪಿಟ್ಟುಕೊಳ್ಳುವ ಬಗೆ ಆ ಮುಖವಾಡ. ದೇವನೂರರ 'ಕುಸುಮಬಾಲೆ'ಯಲ್ಲಿ (1984) ಜೋತಮ್ಮಗಳು ಸೇರಿ ಮಾತಾಡಿಕೊಂಡಾಗ ನಮ್ಮ ವಿಮರ್ಶಕರು ಲ್ಯಾಟಿನ್ ಅಮೆರಿಕದ ಕಡೆ ನೋಡಿದರು. ಕೇರಿಯಲ್ಲಿ ಒಬ್ಬ ಅಜ್ಜೀನ ಕೇಳಿದ್ದರೆ ಸಾಕಿತ್ತು.

ಚಿತ್ರದ ಬೆನ್ನಿಗಿರುವುದು ಕೊಡಿಯಂಕುಳಂ. 1995ರ ಆಗಸ್ಟ್ 31ರಂದು ನೂರಾರು ಪೊಲೀಸರು ಆ ದಲಿತರ ಊರಿಗೆ ನುಗ್ಗಿ ಮನೆಗಳನ್ನು ಹಾಳುಗೆಡವಿದರು. ಹೊರದೇಶದಲ್ಲಿ ದುಡಿದವರ ಹಣದಿಂದ ಬಂದ ಸಾಮಾನು, ಪಾಸ್‌ಪೋರ್ಟು, ಓದಿದ ಸರ್ಟಿಫಿಕೇಟು ಅವರ ಕಣ್ಣು ಕುಕ್ಕಿದ್ದವು. ಸಿನಿಮಾ ಬಂದಾಗ ಅದರಲ್ಲಿ ತೋರಿಸಿದ ಇಸವಿಯ ಬಗ್ಗೆ ತಕರಾರಾಯಿತು, ಆಗ ಯಾರ ಸರ್ಕಾರವಿತ್ತು ಅನ್ನುವ ತಕರಾರು. ಕಾರ್ಡು ಬದಲಾಯಿತು. ಒಡೆದ ಮನೆಗಳ ಬಗ್ಗೆ ಅಷ್ಟು ಅವಸರ ಯಾರಿಗೂ ಇರಲಿಲ್ಲ ಅನ್ನಿ.

ನನ್ನನ್ನು ಹೆಚ್ಚು ಕಾಡಿದ್ದು ಹೆಸರುಗಳು. ಈ ಊರಿನ ಮುಖಂಡ ದುರ್ಯೋಧನ, ಕರ್ಣ ಮೆಚ್ಚಿದ ಹುಡುಗಿ ದ್ರೌಪದಿ. ಊರಿನ ಮೇಲೆ ಬೀಳುವ ಪೊಲೀಸ್ ಅಧಿಕಾರಿ ಕಣ್ಣಬಿರಾನ್, ಅಂದರೆ ಸಾಕ್ಷಾತ್ ಕೃಷ್ಣ. ಅವನಿಗೆ ಬಸ್ಸು ಒಡೆದದ್ದಕ್ಕಿಂತ ಈ ಹೆಸರುಗಳೇ ಉರಿ. ಬಗ್ಗದ ಬೆನ್ನು, ತಲೆಯ ಮೇಲಿನ ರುಮಾಲು ಉರಿ. ನಿಮಗ್ಯಾಕ್ರೋ ರಾಜರ ಹೆಸರು ಅನ್ನುವ ಉರಿ. ಪಂಪನಿಂದ ಹಿಡಿದು ನಾವೂ ಕರ್ಣನಿಗಾಗಿ ಕಣ್ಣೀರಿಟ್ಟವರೇ. ನಮ್ಮ ಬಿ.ಆರ್. ಪಂತುಲು 1964ರಲ್ಲಿ ಶಿವಾಜಿ ಗಣೇಶನ್‌ರನ್ನು ಕರ್ಣನಾಗಿಸಿ ತಮಿಳರನ್ನೂ ಅಳಿಸಿದರು. ಆದರೆ ಆ ಕಣ್ಣೀರಿನಲ್ಲೊಂದು ಮೋಸವಿದೆ: ಅಯ್ಯೋ, ಅವನು ಸೂತನಲ್ಲ, ಕುಂತಿಯ ಮಗನಲ್ವಾ! ನಿಜವಾಗಿ ಸೂತನೇ ಆಗಿದ್ದರೆ ಅಷ್ಟು ಅಳುತ್ತಿದ್ದರೆ? ಸೆಲ್ವರಾಜರ ಕರ್ಣನಿಗೆ ಗುಟ್ಟಿನ ಕುಲವಿಲ್ಲ. ಯಾವ ಕುಂತಿಯೂ ಬಂದು ಅವನನ್ನು ಮೇಲೆತ್ತುವುದಿಲ್ಲ. ಈ ಒಂದೇ ಕಾರಣಕ್ಕೆ ಇದನ್ನು ದೊಡ್ಡ ಚಿತ್ರ ಅನ್ನುತ್ತೇನೆ.

ಮುಂಗಾಲು ಕಟ್ಟಿಸಿಕೊಂಡ ಕತ್ತೆಯೊಂದು ಊರ ತುಂಬ ಕುಂಟಿಕೊಂಡು ಬರುತ್ತದೆ. ಇದು ನಮ್ಮ ಸಂಕೇತ ಅಂತ ಯಾರಿಗೂ ಹೇಳಬೇಕಾಗಿಲ್ಲ. ಚಿತ್ರ ಮಾತ್ರ ತುಸು ಹೆಚ್ಚೇ ಸಲ ಹೇಳುತ್ತದೆ. ಹೋಗಲಿ. ಬಸ್ಸು ನಿಲ್ಲದೆ ಹೋದಾಗ ಬಸುರಿ ತಾಯಿಯ ಪುಟ್ಟ ಮಗ ಕಲ್ಲೆತ್ತಿ ಎಸೆಯುವ ಗಳಿಗೆಗೆ ಯಾವ ಸಂಕೇತವೂ ಬೇಡ.

ನನ್ನ ಜಗಳ ಇರುವುದು ಕತ್ತಿಯ ಜೊತೆ. ಗಾಳಿಯಲ್ಲಿ ಮೀನು ಸೀಳಿ ಕರ್ಣ ಗೆಲ್ಲುವ ಆ ಕತ್ತಿಗೆ ಚಿತ್ರದಲ್ಲಿ ಎಷ್ಟು ಜಾಗ, ಎಷ್ಟು ತಮಟೆ! ಸತ್ತ ತಂಗಿಗೆ ದೇವಿಯ ಮುಖ ಸಿಕ್ಕಿತು, ಬಾಯಿ ಸಿಗಲಿಲ್ಲ. ಬದುಕಿರುವವಳು ಇನ್ನೊಬ್ಬಳಿದ್ದಾಳೆ: ಕಾಲೇಜಿಗೆಂದು ಮೇಲೂರಿನ ಸ್ಟಾಪಿನಲ್ಲಿ ಅಪ್ಪನ ಜೊತೆ ಬಸ್ಸಿಗೆ ನಿಂತು, ಅಲ್ಲಿನ ಹುಡುಗರಿಂದ ಮಾನ ಕಳೆದುಕೊಂಡು ಮನೆಗೆ ಬಂದವಳು. ಊರಿನ ಸಿಟ್ಟಿಗೆ ಕಿಡಿ ಹಚ್ಚಿದವರಲ್ಲಿ ಅವಳೂ ಒಬ್ಬಳು. ಆಮೇಲೆ ಸಿನಿಮಾ ಅವಳನ್ನು ಮರೆತುಬಿಡುತ್ತದೆ. ಅವಳು ಮತ್ತೆ ಕಾಲೇಜಿಗೆ ಹೋದಳಾ ಅಂತ ಹಾಸ್ಟೆಲಿನ ಆ ಹುಡುಗನನ್ನು ನಾನು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, 'ಗೊತ್ತಾಗಲಿಲ್ಲ ಕಣಣ್ಣ' ಅಂದ.