ಚಿಂಚಲಿಯ ಬಯಲಿಗೂ ಒಂದು ಬ್ಯಾಟಿನ ಕಾಯ್ದೆ ಬೇಕು

ಸ್ಕೂಪ್ ಬ್ಯಾಟಿನ ಚಂದ ಇರುವುದು ಅದರ ಬೆನ್ನಿನಲ್ಲಿ. ನಡುವಿನ ಕಟ್ಟಿಗೆಯನ್ನು ಉದ್ದಕ್ಕೂ ಕೆತ್ತಿ ತೆಗೆದು, ಎರಡೂ ಅಂಚುಗಳನ್ನು ಮಾತ್ರ ದಪ್ಪಗೆ ಉಳಿಸಿರುತ್ತಾರೆ. ಕಣ್ಣಿಗೆ ತೊಲೆಯಂತೆ ಕಾಣುವ ಬ್ಯಾಟು ಎತ್ತಿದಾಗ ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಚಿಂಚಲಿ, ರಾಯಬಾಗ, ಕುಡಚಿ, ಉಗಾರದ ಕಡೆ ಕಬ್ಬು ಕಡಿದು ಖಾಲಿ ಬಿದ್ದ ಹೊಲಗಳಲ್ಲಿ, ಸಾಲಿಯ ಬಯಲುಗಳಲ್ಲಿ ನಡೆಯುವ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಈಗ ಇದರದ್ದೇ ಕಾಲ. ರೈಲು ಹತ್ತಿದರೆ ಮಿರಜ ಹತ್ತಿರವೇ ಇರುವುದರಿಂದ ಗಡಿಯ ಆಚೆಯ ಆಟವೂ ಆಟದ ಸಾಮಾನೂ ನಮ್ಮಲ್ಲಿಗೆ ಬೇಗ ಬಂದು ಮುಟ್ಟುತ್ತವೆ.

ಈ ಕೆತ್ತನೆಗೆ ಒಂದು ಲೆಕ್ಕವಿದೆ. ಲೆದರ್ ಚೆಂಡು ಸುಮಾರು 156ರಿಂದ 163 ಗ್ರಾಂ ತೂಗುತ್ತದೆ. ಟೆನಿಸ್ ಆಟದ ಚೆಂಡು 56ರಿಂದ 59.4 ಗ್ರಾಂ ಮಾತ್ರ. ನಮ್ಮ ಕಡೆ ಆಡುವ ಹಾರ್ಡ್ ಟೆನಿಸ್ ಚೆಂಡು ಇದಕ್ಕಿಂತ ಭಾರವಾದರೂ ಲೆದರಿನಷ್ಟು ಅಲ್ಲ. ಭಾರದ ಚೆಂಡು ಬಂದು ಅಪ್ಪಳಿಸಿದಾಗ ಬ್ಯಾಟು ಹಿಂದಕ್ಕೆ ಜರಿಯದಿರಲು ಅದರ ಹಿಂದೆ ಕಟ್ಟಿಗೆಯ ತೂಕ ಬೇಕು. ಹಗುರ ಚೆಂಡಿಗೆ ಅಷ್ಟು ತೂಕದ ಕೆಲಸವಿಲ್ಲ, ಅಲ್ಲಿ ಬೇಕಾದದ್ದು ಬ್ಯಾಟು ಬೀಸುವ ವೇಗ. ಆದ್ದರಿಂದ ನಡುವೆ ಕೆತ್ತಿ ತೂಕ ಇಳಿಸುತ್ತಾರೆ, ಅಂಚಿನಲ್ಲಿ ಕಟ್ಟಿಗೆ ಉಳಿಸುತ್ತಾರೆ. ನಡುವಿನಿಂದ ತುಸು ಆಚೆ ತಾಗಿದ ಹೊಡೆತದಲ್ಲೂ ಬ್ಯಾಟು ಕೈಯಲ್ಲಿ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ಕಾಶ್ಮೀರದ ಸಂಗಮ, ಹಲ್ಮುಲ್ಲಾ ಕಡೆಯ ಕಾರ್ಖಾನೆಗಳ ಕಾಶ್ಮೀರ್ ವಿಲ್ಲೋ ಇಂಗ್ಲಿಷ್ ವಿಲ್ಲೋಗಿಂತ ಗಟ್ಟಿ, ತುಸು ಭಾರ. ಅದನ್ನು ಹೀಗೆ ಕೆತ್ತಿ ಟೆನಿಸ್ ಚೆಂಡಿಗೆ ಹೊಂದಿಸಿದವರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ.

ಆದರೆ ಬ್ಯಾಟು ಬದಲಾದಷ್ಟು ಬಯಲು ಬದಲಾಗಿಲ್ಲ. ಬೌಂಡರಿಯ ಸುಣ್ಣದ ಗೆರೆ ಹತ್ತು ವರ್ಷದ ಹಿಂದೆ ಎಲ್ಲಿತ್ತೋ ಅಲ್ಲೇ ಇದೆ, ಯಾಕೆಂದರೆ ಅದರಾಚೆ ಮತ್ತೊಬ್ಬರ ಹೊಲ. ಯಾರ್ಕರ್ ತಪ್ಪಿ ಒಂದು ಗೇಣು ಮೇಲೆದ್ದರೆ ಚೆಂಡು ಕಬ್ಬಿನೊಳಗೆ. "ಏನ್ ಹಾಕೂಣ್ರೀ, ಎಡ್ಜ್ ಆದ್ರೂ ಸಿಕ್ಸರ್ ಹೊಕ್ಕೈತಿ" ಎಂದು ಬೌಲಿಂಗ್ ಮಾಡುವ ಹುಡುಗರು ಗೊಣಗುವುದನ್ನು ಎಷ್ಟೋ ಬಯಲಿನಲ್ಲಿ ಕೇಳಿದ್ದೇನೆ. ಅವರ ಮಾತಿನಲ್ಲಿ ಹುರುಳಿದೆ. ಇನ್ನೊಂದು ಕಡೆ, ಅಂಗಡಿಯ ಸಾದಾ ಬ್ಯಾಟನ್ನೇ ಹತ್ತು ಮಂದಿ ಹಂಚಿಕೊಂಡು ಆಡುವ ತಂಡವಿದೆ. ಎದುರಿನ ತಂಡದವರು ಒಬ್ಬೊಬ್ಬರೂ ಒಂದೊಂದು ಕಿಟ್ ಹೊತ್ತು ಇಳಿಯುತ್ತಾರೆ. ಟೂರ್ನಮೆಂಟಿನ ಹ್ಯಾಂಡ್‌ಬಿಲ್ ಓದಿ ನೋಡಿ. ಪ್ರವೇಶ ಫೀ, ಓವರು, ಬಹುಮಾನದ ಮೊತ್ತ, ಯಾವ ಚೆಂಡು, ಅಂಪೈರ ನಿರ್ಣಯವೇ ಅಂತಿಮ, ಎಲ್ಲಾ ಇರುತ್ತದೆ. ಬ್ಯಾಟಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಇದೇ ಸಂಕಟವನ್ನು ಅಮೆರಿಕದ ಬೇಸ್‌ಬಾಲ್ ಕಂಡಿದೆ, ಅದೂ ವೃತ್ತಿಪರರಲ್ಲಿ ಅಲ್ಲ, ಶಾಲೆ ಕಾಲೇಜುಗಳ ಆಟದಲ್ಲಿ. ಅಲ್ಲಿಯ ಮೇಜರ್ ಲೀಗಿನಲ್ಲಿ ಇವತ್ತಿಗೂ ಕಟ್ಟಿಗೆಯ ಬ್ಯಾಟೇ. ಕಾಲೇಜು ಆಟಕ್ಕೆ 1974ರಲ್ಲಿ ಅಲ್ಯುಮಿನಿಯಂ ಬ್ಯಾಟು ಬಂತು. ಕಟ್ಟಿಗೆ ಮೇಲಿಂದ ಮೇಲೆ ಮುರಿಯುತ್ತದೆ, ಲೋಹ ಬಾಳುತ್ತದೆ, ಖರ್ಚು ಉಳಿಯುತ್ತದೆ ಎಂಬುದು ಒಳ್ಳೆಯ ಕಾರಣವೇ. ಆದರೆ ಆ ಬ್ಯಾಟು ಒಳಗೆ ಪೊಳ್ಳು. ಚೆಂಡು ತಾಗಿದೊಡನೆ ಅದರ ತೆಳು ಗೋಡೆ ಒಳಕ್ಕೆ ಬಾಗಿ ಮರಳಿ ಚಿಮ್ಮುತ್ತದೆ. ಆಮೇಲೆ ಕಾರ್ಬನ್ ಎಳೆಗಳ ಕಾಂಪೊಸಿಟ್ ಬ್ಯಾಟು ಬಂತು. ಅದು ಹೊಡೆದಂತೆ ಹೊಡೆದಂತೆ ಒಳಪದರಗಳು ಸಡಿಲಾಗಿ ಇನ್ನಷ್ಟು ಚಿಮ್ಮತೊಡಗುತ್ತದೆ. ಅಷ್ಟು ದಿನ ಕಾಯಲಾರದವರು ರೋಲರಿನ ನಡುವೆ ಬ್ಯಾಟನ್ನು ಒತ್ತಿ ಬೇಗ ಪಳಗಿಸತೊಡಗಿದರು. ಚೆಂಡು ಎಸೆಯುವ ಪಿಚ್ಚರ್ ನಿಲ್ಲುವುದು ಬ್ಯಾಟಿನಿಂದ ಬರೀ ಅರವತ್ತು ಅಡಿ ದೂರದಲ್ಲಿ. ತಿರುಗಿ ಬರುವ ಚೆಂಡಿಗೆ ಕೈ ಅಡ್ಡ ತರಲೂ ಹೊತ್ತು ಸಾಲದೆ ಹುಡುಗರಿಗೆ ಪೆಟ್ಟಾಯಿತು, ಜೀವವೂ ಹೋಯಿತು.

ಕಾಲೇಜುಗಳು 2011ರಿಂದ, ಹೈಸ್ಕೂಲುಗಳು 2012ರಿಂದ ಹೊಸ ಮಾನದಂಡ ತಂದವು. ಬ್ಯಾಟಿಗೆ ತಾಗಿದ ಚೆಂಡು ಎಷ್ಟು ಪುಟಿಯುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆದು, ಆ ಅಂಕಿ 0.50 ಮೀರಬಾರದು ಎಂದು ಗೆರೆ ಎಳೆದರು. ಅಂದರೆ ಲೋಹದ ಬ್ಯಾಟೂ ಹೆಚ್ಚುಕಡಿಮೆ ಕಟ್ಟಿಗೆಯಂತೆಯೇ ವರ್ತಿಸಬೇಕು. ಪರಿಣಾಮ ಅದೇ ವರ್ಷ ಕಂಡಿತು. ಕಾಲೇಜು ಆಟದಲ್ಲಿ ಪಂದ್ಯಕ್ಕೆ ತಂಡವೊಂದರ ಸರಾಸರಿ ಹೋಮ್‌ರನ್ (ನಮ್ಮ ಸಿಕ್ಸರಿನಂಥದ್ದು) 2010ರಲ್ಲಿ 0.94 ಇದ್ದದ್ದು 2011ರಲ್ಲಿ 0.52ಕ್ಕೆ, 2014ರ ಹೊತ್ತಿಗೆ 0.39ಕ್ಕೆ ಇಳಿಯಿತು. ಆಟ ಸಪ್ಪೆಯಾಯಿತು ಎಂಬ ಕೂಗೆದ್ದಾಗ ಬ್ಯಾಟಿಗೆ ಕೈ ಹಚ್ಚಲಿಲ್ಲ. 2015ರಲ್ಲಿ ಚೆಂಡಿನ ಹೊಲಿಗೆಯ ಉಬ್ಬನ್ನು ತಗ್ಗಿಸಿದರು, ಚೆಂಡು ಗಾಳಿಯಲ್ಲಿ ತುಸು ದೂರ ಹೋಯಿತು. ಇದು ನನಗೆ ಬಹಳ ಹಿಡಿಸಿದ ತಿದ್ದುಪಡಿ. ಹಿಡಿಸದ ಸಂಗತಿಯೂ ಇದೆ. 2018ರ ಜನವರಿ 1ರಂದು ಚಿಕ್ಕಮಕ್ಕಳ ಲೀಗಿಗೂ ಹೊಸ ಮುದ್ರೆಯ ಬ್ಯಾಟು ಕಡ್ಡಾಯವಾಯಿತು. ನೂರಾರು ಡಾಲರ್ ಕೊಟ್ಟು ಹಿಂದಿನ ಹಂಗಾಮಿನಲ್ಲಿ ಕೊಂಡ ಬ್ಯಾಟು ಆ ಲೀಗಿನಲ್ಲಿ ನಡೆಯದಾಯಿತು. ಮಾನದಂಡ ಬರೆಯುವವರು ಅದರ ಬೆಲೆ ತೆರುವವರನ್ನು ಮರೆತರೆ ಹೀಗಾಗುತ್ತದೆ.

ನಮ್ಮಲ್ಲಿ ಕಾಯ್ದೆ ಮಾಡಲು ಯಾರಿದ್ದಾರೆ ಎಂದು ಕೇಳುವವರಿಗೆ 1771ರ ಕತೆ ಹೇಳಬೇಕು. ಆ ವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಚೆರ್ಟ್‌ಸಿ ಮತ್ತು ಹ್ಯಾಂಬಲ್ಡನ್ ತಂಡಗಳ ಪಂದ್ಯಕ್ಕೆ ಚೆರ್ಟ್‌ಸಿಯ ವೈಟ್ ಎಂಬ ಆಟಗಾರ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದ. ಮೂರು ಸ್ಟಂಪೂ ಮುಚ್ಚಿಹೋಗುತ್ತಿತ್ತು ಅನ್ನಬೇಡಿ, ಆಗ ಇದ್ದದ್ದೇ ಎರಡು. ಹ್ಯಾಂಬಲ್ಡನ್ ಒಂದೇ ರನ್ನಿನಿಂದ ಗೆದ್ದಿತು. ಗೆದ್ದವರೇ ಎರಡು ದಿನದೊಳಗೆ ಕೂತು, ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು ಮೀರಬಾರದು ಎಂದು ಬರೆದು ಸಹಿ ಹಾಕಿದರು. ಅಳೆಯಲು ಕಬ್ಬಿಣದ ಚೌಕಟ್ಟನ್ನೂ ಮಾಡಿಸಿದರು. ಕ್ರಿಕೆಟ್ಟಿನ ಕಾಯ್ದೆ ಬರೆಯುವ ಎಂಸಿಸಿ ಹುಟ್ಟಿದ್ದು 1787ರಲ್ಲಿ, ಅದಕ್ಕೂ 16 ವರ್ಷ ಮುಂಚೆಯೇ ಇದೆಲ್ಲ ಆಗಿತ್ತು. ಹ್ಯಾಂಬಲ್ಡನ್ ಒಂದು ಹಳ್ಳಿ. ಇಡೀ ಜಗತ್ತು ಇವತ್ತಿಗೂ ಪಾಲಿಸುವ 108 ಮಿಲಿಮೀಟರು ಆ ಹಳ್ಳಿಯ ಕ್ಲಬ್ಬು ಬರೆದ ಅಳತೆ. ಆಸ್ಟ್ರೇಲಿಯದ ಬೌಲರ್ ಡೆನಿಸ್ ಲಿಲ್ಲಿ 1979ರ ಡಿಸೆಂಬರಿನಲ್ಲಿ ಪರ್ತ್‌ನಲ್ಲಿ ಅಲ್ಯುಮಿನಿಯಂ ಬ್ಯಾಟು ಹಿಡಿದು ಇಳಿದ ಮೇಲೆ, ಅಲಗು ಕಟ್ಟಿಗೆಯದ್ದೇ ಇರಬೇಕೆಂಬ ಮಾತೂ ಕಾಯ್ದೆಗೆ ಸೇರಿತು.

2017ರ ಅಕ್ಟೋಬರ್ 1ರಿಂದ ಎಂಸಿಸಿ ಬ್ಯಾಟಿನ ದಪ್ಪಕ್ಕೆ 67 ಮಿಲಿಮೀಟರ್, ಅಂಚಿಗೆ 40 ಮಿಲಿಮೀಟರ್ ಮಿತಿ ಹಾಕಿದೆ. ಇದನ್ನಷ್ಟೇ ತಂದು ನಮ್ಮ ಬಯಲಿಗೆ ಹಚ್ಚಿದರೆ ಸಾಲದು. ಆ ಕಾಯ್ದೆಗೆ ತೂಕದ ಗೊಡವೆಯಿಲ್ಲ, ಲೆದರ್ ಚೆಂಡಿಗೆ ಅದರ ಅಗತ್ಯವೂ ಇಲ್ಲ. ಟೆನಿಸ್ ಚೆಂಡಿನ ಆಟವನ್ನು ತಿರುಗಿಸಿದ್ದೇ ಹಗುರತನ. ಇಲ್ಲಿ ಬೇಸ್‌ಬಾಲಿನ ಇನ್ನೊಂದು ನಿಯಮ ಕೆಲಸಕ್ಕೆ ಬರುತ್ತದೆ. ಅವರ ಹೈಸ್ಕೂಲು ಬ್ಯಾಟಿನ ಉದ್ದ ಇಂಚಿನಲ್ಲಿ ಎಷ್ಟೋ, ಔನ್ಸಿನಲ್ಲಿ ತೂಕದ ಅಂಕಿ ಅದಕ್ಕಿಂತ ಮೂರರಷ್ಟು ಮಾತ್ರ ಕಡಿಮೆ ಇರಬಹುದು, ಅದಕ್ಕೂ ಕೆಳಗೆ ಇಳಿಯುವಂತಿಲ್ಲ. 33 ಇಂಚಿನ ಬ್ಯಾಟು 30 ಔನ್ಸಾದರೂ, ಅಂದರೆ ಸುಮಾರು 850 ಗ್ರಾಮಾದರೂ ತೂಗಬೇಕು. ಇದನ್ನು ನೋಡಲು ಪ್ರಯೋಗಾಲಯ ಬೇಡ, ಕಿರಾಣಿ ಅಂಗಡಿಯ ತಕ್ಕಡಿ ಸಾಕು.

ನಮ್ಮ ಟೂರ್ನಮೆಂಟ್ ಕಮಿಟಿಗಳ ಮುಂದೆ ನಾನಿಡುವ ಮಾತು ಇಷ್ಟು. ಅಲಗು ಕಟ್ಟಿಗೆಯದ್ದೇ ಇರಲಿ, ಫೈಬರು ಪ್ಲಾಸ್ಟಿಕ್ಕು ಬೇಡ. ಅಗಲ ನಾಲ್ಕೂಕಾಲು ಇಂಚು, ಅಂಚು 40 ಮಿಲಿಮೀಟರು ದಾಟದಿರಲಿ. ದೊಡ್ಡವರ ಬ್ಯಾಟು ಒಂದು ಕಿಲೋಗಿಂತ ಕಡಿಮೆ ತೂಗದಿರಲಿ. ಕಿಲೋ ಅಂದದ್ದು ನೆನಪಿಡಲು ಸುಲಭವೆಂದು, ಜೊತೆಗೆ ಅಂಗಡಿಯ ಸಾದಾ ಕಾಶ್ಮೀರ್ ವಿಲ್ಲೋ ಬ್ಯಾಟು ಈ ಪರೀಕ್ಷೆಯಲ್ಲಿ ತಾನಾಗಿ ಪಾಸಾಗುತ್ತದೆಂದು. ಒಂದೇ ಬ್ಯಾಟು ಹಂಚಿಕೊಳ್ಳುವ ತಂಡಕ್ಕೆ ಇದರಿಂದ ಒಂದು ರೂಪಾಯಿಯೂ ಖರ್ಚಿಲ್ಲ. ಕೂಡಿಸಿದ ದುಡ್ಡಿನಲ್ಲಿ ಸ್ಕೂಪ್ ಬ್ಯಾಟು ಕೊಂಡವರ ಮೇಲೂ ಏಕಾಏಕಿ ಬರೆ ಎಳೆಯಬಾರದು. ಈ ಸಲ ಹ್ಯಾಂಡ್‌ಬಿಲ್ಲಿನಲ್ಲಿ ಸಾರಿ, ಬರುವ ವರ್ಷ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆ ಮುಗಿದ ಮೇಲೆ ಜಾರಿಗೆ ತರಲಿ. ಅಲ್ಲಿಯತನಕ ಆ ಬ್ಯಾಟುಗಳು ಆಡಲಿ.

ಬಡಿಗೇರರಲ್ಲಿ ಪ್ಲೈವುಡ್ಡಿನ ಒಂದು ಚೌಕಟ್ಟು ಕೊಯ್ಸಿ ಸ್ಕೋರರ ಮೇಜಿನ ಮೇಲಿಟ್ಟರೆ ಸಾಕು. ಫೀ ತುಂಬಲು ಬಂದ ಕ್ಯಾಪ್ಟನ್ನರು ಬ್ಯಾಟುಗಳನ್ನೂ ತಂದು, ಎದುರಾಳಿಯ ಮುಂದೆಯೇ ತೂಗಿಸಿ, ಹಿಡಿಕೆಗೆ ಬಣ್ಣದ ಟೇಪು ಸುತ್ತಿಸಿಕೊಂಡು ಹೋಗಲಿ. ಟೇಪಿಲ್ಲದ ಬ್ಯಾಟು ಪಿಚ್ಚಿಗೆ ಬಂದರೆ ಅಂಪೈರ ಅದನ್ನು ವಾಪಸು ಕಳಿಸಬಹುದು, ಅದರ ಮೇಲೆ ವಾದ ಬೆಳೆಯುವುದಿಲ್ಲ.