ತೆಗೆದ ದೃಷ್ಟಿ ಎಲ್ಲಿಗೆ ಹೋಗಬೇಕು?

ಆಯುಧಪೂಜೆಯ ಮರುದಿನ ಬೆಳಿಗ್ಗೆ ಬೆಂಗಳೂರಿನ ರಸ್ತೆಗಳನ್ನು ನೋಡಬೇಕು. ಒಡೆದ ಬೂದುಗುಂಬಳದ ತಿರುಳು, ಕುಂಕುಮದ ಕೆಂಪು ರಾಡಿ, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು, ನಡುನಡುವೆ ಒಂದೆರಡು ನಾಣ್ಯ. ಕೆಲವು ವರ್ಷಗಳ ಹಿಂದೆ ಅಂಥದೊಂದು ತಿರುವಿನಲ್ಲಿ ನನ್ನ ಸ್ಕೂಟರ್ ಜಾರಿತು. ಎದ್ದು ಕೂತಾಗ ಅಂಗೈಗೆ ಮೆತ್ತಿದ್ದು ರಕ್ತವೋ ಕುಂಕುಮವೋ ತಕ್ಷಣಕ್ಕೆ ತಿಳಿಯಲಿಲ್ಲ. ಓಡಿ ಬಂದು ಕೈಹಿಡಿದು ಎಬ್ಬಿಸಿದ ಹೂವಿನಮ್ಮ ಮೊದಲು ಕೇಳಿದ್ದು, ‘ಅಯ್ಯೋ, ಅದನ್ನ ತುಳಿದುಬಿಟ್ರಾ?’ ಅಂತ. ಯಾರದೋ ಅಂಗಡಿಯದು, ಯಾರದೋ ಲಾರಿಯದು, ಈಗ ನನ್ನ ಮೈಮೇಲೆ ಬಂತಲ್ಲ ಎಂಬ ಸಂಕಟ ಅವರ ಮುಖದಲ್ಲಿತ್ತು.

ಅವತ್ತಿನಿಂದ ದೃಷ್ಟಿ ತೆಗೆಯುವ ನಮ್ಮ ಪದ್ಧತಿಯನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ತೆಗೆದದ್ದನ್ನು ಎಲ್ಲಿ ಹಾಕುತ್ತೇವೆ? ಇದು ನಿಜವೋ ಸುಳ್ಳೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಬೇಡ. ನೋಟಕ್ಕೆ ಗೋಡೆ ಸೀಳುವ, ಕೆಚ್ಚಲು ಬತ್ತಿಸುವ ಬಲವಿಲ್ಲ. ಆದರೆ ಈ ಆಚರಣೆ ಹೊತ್ತು ತಂದ ಕಥೆಗಳಿವೆಯಲ್ಲ, ಅವು ಮನುಷ್ಯರು ಕೇಡಿನ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಯೋಚಿಸಿದ್ದರ ದಾಖಲೆ. ಅವನ್ನು ಗಂಭೀರವಾಗಿ ಓದಬೇಕು.

ನನ್ನ ಅಜ್ಜಿ ತೆಗೆದದ್ದನ್ನು ಒಲೆಗೆ ಹಾಕುತ್ತಿದ್ದರು. ಮುಷ್ಟಿಯಲ್ಲಿ ಕಲ್ಲುಪ್ಪು, ನಾಲ್ಕು ಒಣಮೆಣಸಿನಕಾಯಿ, ಚಿಟಿಕೆ ಸಾಸಿವೆ, ಪೊರಕೆಯಿಂದ ಮುರಿದ ಮೂರು ಕಡ್ಡಿ. ತಲೆಯಿಂದ ಕಾಲಿನವರೆಗೆ ಮೂರು ಸಲ ನಿವಾಳಿಸಿ, ‘ಥೂ ಅನ್ನು’ ಎಂದು ಮುಷ್ಟಿಯನ್ನು ನಮ್ಮ ಬಾಯಿಯ ಹತ್ತಿರ ತರುತ್ತಿದ್ದರು. ಕೆಂಡದ ಮೇಲೆ ಸುರಿದರೆ ಉಪ್ಪು ಚಟಪಟ ಸಿಡಿಯುತ್ತಿತ್ತು. ಮೆಣಸಿನಕಾಯಿಯ ಘಾಟು ಏಳದಿದ್ದರೆ ‘ಭಾರೀ ಕಣ್ಣೇ ಬಿದ್ದಿತ್ತು ಕಣೋ’ ಅನ್ನುತ್ತಿದ್ದರು. ಘಾಟು ಎದ್ದರೆ ‘ಅಷ್ಟೇನಿಲ್ಲ, ಹೋಯ್ತು ಬಿಡು’. ಏನೇ ಆದರೂ ಸೋಲದ ಪರೀಕ್ಷೆ ಅದು, ತರ್ಕದಲ್ಲಿ ನಿಲ್ಲುವುದಿಲ್ಲ. ಆದರೂ ಅಳುವ ಮಗುವಿನೆದುರು ಹಿರಿಯರೊಬ್ಬರು ಕೆಲಸ ಬಿಟ್ಟು ಕೂರುತ್ತಿದ್ದರು, ಮೈ ಸವರುತ್ತಿದ್ದರು. ಕೇಡು ಅನ್ನುವುದು ಏನಿತ್ತೋ ಅದು ನಮ್ಮದೇ ಒಲೆಯಲ್ಲಿ ಉರಿದು ಬೂದಿಯಾಗುತ್ತಿತ್ತು. ಅದೇ ಒಲೆಯ ಮೇಲೆ ರಾತ್ರಿಯ ಸಾರು ಕುದಿಯುತ್ತಿತ್ತು.

ಜಾನಪದ ವಿದ್ವಾಂಸ ಅಲನ್ ಡಂಡಿಸ್ ಕೆಟ್ಟ ಕಣ್ಣಿನ ನಂಬಿಕೆಯ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದಿದ್ದಾರೆ. ಜೀವವೆಂದರೆ ಹಸಿ, ಸಾವೆಂದರೆ ಒಣಕಲು, ಕೆಟ್ಟ ಕಣ್ಣು ಹಸಿಯನ್ನು ಹೀರುತ್ತದೆ ಎಂಬುದು ಅವರ ವಾದ. ಅದನ್ನು ಓದಿದ ಮೇಲೆ ನಮ್ಮ ಹಿತ್ತಿಲು ನನಗೆ ಬೇರೆಯಾಗಿ ಕಂಡಿತು. ಹಸು ಹಾಲು ಕಡಿಮೆ ಮಾಡಿದರೆ ಕಣ್ಣಾಯ್ತು, ಬಾಣಂತಿಗೆ ಹಾಲು ಬತ್ತಿದರೆ ಕಣ್ಣಾಯ್ತು, ಕಾಯಿ ತುಂಬಿದ ಗಿಡ ಒಣಗಿದರೆ ಕಣ್ಣಾಯ್ತು. ಹಾಗಾಗಿ ಆ ಬಾಯಾರಿದ ಕಣ್ಣಿಗೆ ನಾವು ಕೊಡುವುದೂ ರಸವನ್ನೇ: ನಿಂಬೆ, ನೀರು ತುಂಬಿದ ಬೂದುಗುಂಬಳ, ಅರಿಶಿನ ಸುಣ್ಣ ಕಲೆಸಿದ ಕೆಂಪು ಆರತಿ. 2019ರ ವಿಜಯದಶಮಿಯಂದು ಫ್ರಾನ್ಸಿನಲ್ಲಿ ರಫೇಲ್ ವಿಮಾನದ ಚಕ್ರದಡಿ ಇಟ್ಟದ್ದೂ ಇದೇ ನಿಂಬೆಹಣ್ಣು.

ಬಾಗಿಲಿಗೆ ಕಟ್ಟುವ ನಿಂಬೆ, ಮೆಣಸಿನಕಾಯಿಯ ಹಿಂದಿನ ಕಥೆ ಇನ್ನೂ ಚೆಂದ. ಸಮುದ್ರಮಥನದಲ್ಲಿ ಲಕ್ಷ್ಮಿಗಿಂತ ಮೊದಲು ಹುಟ್ಟಿದ ಅಕ್ಕ ಜ್ಯೇಷ್ಠೆ. ಕಾಗೆಯ ಬಾವುಟ, ಕತ್ತೆಯ ವಾಹನ, ಕೈಯಲ್ಲಿ ಪೊರಕೆ. ತಂಗಿಗೆ ಸಿಹಿ ಇಷ್ಟ, ಅಕ್ಕನಿಗೆ ಹುಳಿ, ಖಾರ. ಅಕ್ಕ ಹೊಸ್ತಿಲವರೆಗೆ ಬಂದು ತನಗೆ ಬೇಕಾದ್ದನ್ನು ತಿಂದು, ಹೊಟ್ಟೆ ತುಂಬಿ, ಒಳಗೆ ಬಾರದೆ ಹಿಂತಿರುಗುತ್ತಾಳೆ. ಇಲ್ಲಿ ದಾರಿದ್ರ್ಯವನ್ನು ಯಾರೂ ಹೊಡೆದೋಡಿಸುವುದಿಲ್ಲ, ಬಡಿಸಿ ಕಳಿಸುತ್ತಾರೆ. ಜನಪದರ ಮನಸ್ಸು ಎಷ್ಟು ದೊಡ್ಡದಿತ್ತು ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕಟ್ಟುತ್ತಿರುವ ಮನೆಯ ಮೇಲೆ ನಾಲಗೆ ಚಾಚಿ ನೇತಾಡುವ ದೃಷ್ಟಿಬೊಂಬೆಯನ್ನು ಕಂಡಾಗಲೆಲ್ಲ ನನಗೆ ಕೀರ್ತಿಮುಖ ನೆನಪಾಗುತ್ತದೆ. ಸ್ಕಾಂದಪುರಾಣದ ಕಥೆ ಅದು. ಜಲಂಧರನ ದೂತನಾಗಿ ಬಂದ ರಾಹುವನ್ನು ನುಂಗಲು ಶಿವ ಒಂದು ಭೂತವನ್ನು ಸೃಷ್ಟಿಸಿದ. ರಾಹು ಶರಣಾದ, ಹಸಿದ ಭೂತ ಏನು ತಿನ್ನಲಿ ಎಂದಿತು. ನಿನ್ನನ್ನೇ ತಿನ್ನು ಎಂದ ಶಿವ. ಮುಖವೊಂದು ಉಳಿಯುವವರೆಗೂ ತನ್ನನ್ನು ತಾನೇ ತಿಂದ ಅದಕ್ಕೆ ಶಿವ ಬಾಗಿಲಲ್ಲಿ ಜಾಗ ಕೊಟ್ಟ. ನಮ್ಮ ಗುಡಿಗಳ ಬಾಗಿಲು, ಕೋಷ್ಠಗಳ ಮೇಲೆ ಇಂದಿಗೂ ಉಬ್ಬಿದ ಕಣ್ಣು ಬಿಟ್ಟುಕೊಂಡು ಕೂತಿರುವುದು ಅದೇ ಮುಖ. ಪರರನ್ನು ನುಂಗದೆ ತನ್ನ ಹಸಿವನ್ನು ತಾನೇ ನುಂಗಿದ್ದಕ್ಕೆ ಸಿಕ್ಕ ಕಾವಲಿನ ಕೆಲಸ.

ಇಂಥ ಕಥೆಗಳ ಪಕ್ಕದಲ್ಲಿಟ್ಟು ನೋಡಿದರೆ ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ನಿಂಬೆ, ಮೆಣಸಿನಕಾಯಿಯ ಸರ ನನಗೆ ಬೇಸರ ತರಿಸುತ್ತದೆ. ಜ್ಯೇಷ್ಠೆ ಅದನ್ನು ತಿನ್ನುವುದು ಹೇಗೆ? ನಿಜವಾದ ಹಣ್ಣು ಬಾಡುತ್ತದೆ, ಕೊಳೆಯುತ್ತದೆ, ಅಮಾವಾಸ್ಯೆಗೊಮ್ಮೆ ಬದಲಿಸುವಾಗ ಮನೆಯವರು ತಲೆಯೆತ್ತಿ ಬಾಗಿಲನ್ನು ನೋಡುತ್ತಾರೆ. ಪ್ಲಾಸ್ಟಿಕ್ಕಿಗೆ ಧೂಳು ಮಾತ್ರ ಹಿಡಿಯುತ್ತದೆ. ಇನ್ನು ದಾರದ ಮೂಲಕ ನಿಂಬೆಯ ವಿಟಮಿನ್ ಸಿ ಗಾಳಿಗೆ ಸೇರಿ ಆರೋಗ್ಯ ಕಾಪಾಡುತ್ತದೆ ಎಂಬ ವಾಟ್ಸ್ಆ್ಯಪ್ ವಿಜ್ಞಾನ. ವಿಟಮಿನ್ ಸಿ ಹಾಗೆ ಆವಿಯಾಗುವ ವಸ್ತುವೇ ಅಲ್ಲ. ಅಕ್ಕನ ಕಥೆ ಹೇಳಲು ನಾಚಿ ಸುಳ್ಳು ವಿಜ್ಞಾನ ಹೇಳುವುದು ಕಥೆಗೂ ವಿಜ್ಞಾನಕ್ಕೂ ಮಾಡುವ ಅವಮಾನ.

ಆದರೆ ಹಳೆಯದೆಲ್ಲ ಒಳ್ಳೆಯದಿತ್ತೆಂದೂ ಹೇಳಲಾರೆ. ನಿವಾಳಿಸಿದ್ದನ್ನು ಮೂರು ದಾರಿ ಕೂಡುವಲ್ಲಿ ಹಾಕುವುದು, ದಾಟಿದವರಿಗೆ ಅದು ಅಂಟಲಿ ಎನ್ನುವುದು ಕೂಡ ಹಳೆಯ ನಂಬಿಕೆಯೇ. ರಸ್ತೆಯಲ್ಲಿ ಕುಂಬಳಕಾಯಿ ಒಡೆಯುವವರು ಅಜ್ಜಿಯ ಒಲೆಯನ್ನು ಬಿಟ್ಟು ಈ ದಾರಿಯನ್ನು ಆರಿಸಿಕೊಂಡರು. ಹಳ್ಳಿಯ ಮೂರುದಾರಿಯಲ್ಲಿ ನರಿ ನಾಯಿ ಓಡಾಡುತ್ತಿದ್ದವು. ಇಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ಸ್ಕೂಟರುಗಳು. ನಾನು ಬಿದ್ದ ದಿನ ಆ ರಾಡಿಯನ್ನು ಗೋರಿ ತೆಗೆದದ್ದು ಪೌರಕಾರ್ಮಿಕ ಹೆಣ್ಣುಮಗಳೊಬ್ಬಳು, ಬರಿಗೈಯಲ್ಲಿ. ಊರಿನವರೆಲ್ಲ ತುಳಿಯಲು ಹೆದರುವುದನ್ನು ಮುಟ್ಟಿ ಎತ್ತಲು ಯಾವ ಜನರನ್ನು ನೇಮಿಸಿದ್ದೇವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಈ ಆಚರಣೆಯ ಮೇಲೆ ನನ್ನ ಅತಿದೊಡ್ಡ ತಕರಾರು ಅದೇ.

ನಮ್ಮ ಬೀದಿಯ ಗ್ಯಾರೇಜಿನವರು ಮೂರು ವರ್ಷದಿಂದ ತಮ್ಮ ಗೇಟಿನೊಳಗೆ ಗೋಣಿಚೀಲ ಹಾಸಿ ಕುಂಬಳಕಾಯಿ ಒಡೆಯುತ್ತಾರೆ. ಪೂಜೆ ಮುಗಿದ ಮೇಲೆ ಹೋಳು, ತಿರುಳು, ಕುಂಕುಮದ ಸಮೇತ ಆ ಗೋಣಿಯನ್ನು ಮಡಚಿ, ಹಿಂದಿರುವ ತೆಂಗಿನಮರದ ಬುಡದಲ್ಲಿ ತಾವೇ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚುತ್ತಾರೆ.