ಕೈ ಮೆಚ್ಚಿದ ಮರ

ಅಕ್ರೋಟು ಮರದ ಹೊಸ ಗ್ರಿಪ್ಪನ್ನು ಡಬ್ಬಿಯಿಂದ ಈಚೆ ತೆಗೆದರೆ ಮೊದಲು ಮೂಗಿಗೆ ಎಣ್ಣೆಯ ವಾಸನೆ ಹತ್ತುತ್ತದೆ, ಆಮೇಲೆ ಕಣ್ಣು ಮರದ ಎಳೆಗಳ ಮೇಲೆ ನಿಲ್ಲುತ್ತದೆ. ಕಡುಕಂದು ಮೈಯಲ್ಲಿ ಕಪ್ಪು ಗೆರೆಗಳು ಹೆಬ್ಬೆರಳಿನ ತಾವಿನಿಂದ ಕಿರುಬೆರಳಿನ ತಾವಿನವರೆಗೆ ಓರೆಯಾಗಿ ಇಳಿದಿರುತ್ತವೆ. ಹತ್ತು ಮೀಟರ್ ಏರ್ ರೈಫಲ್ ಹೊಡೆಯುವವರು ಇಂಥದ್ದನ್ನು ಒಳ್ಳೆಯ ದುಡ್ಡು ತೆತ್ತು ಜರ್ಮನಿಯಿಂದ ತರಿಸಿಕೊಳ್ಳುತ್ತಾರೆ. ತರಿಸಿಕೊಂಡು, ಒಂದು ವಾರ ಕಳೆಯುವುದರೊಳಗೆ ಅದರ ಮೇಲೆ ಅರ ಆಡಿಸುತ್ತಾರೆ. ನೋಡಿದವರಿಗೆ ಹೊಟ್ಟೆ ಉರಿಯುತ್ತದೆ. ನಾನಂತೂ ಆ ಅರದ ಗೀರುಗಳಲ್ಲೇ ಗ್ರಿಪ್ಪಿನ ಸೊಗಸು ಶುರುವಾಗುತ್ತದೆ ಎನ್ನುವ ಪಕ್ಷದವನು.

ಇಷ್ಟೊಂದು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಏರ್ ರೈಫಲ್ ಟಾರ್ಗೆಟ್ಟಿನ ನಟ್ಟನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ, ಅಷ್ಟೇ. 2013ರಿಂದ ಅರ್ಹತಾ ಸುತ್ತಿನಲ್ಲೂ ದಶಾಂಶ ಲೆಕ್ಕ ಬಂದಿದೆ. ಒಂದು ಗುಂಡಿಗೆ ಹೆಚ್ಚೆಂದರೆ 10.9. ಹತ್ತರೊಳಗಿನ ಒಂದೊಂದು ದಶಾಂಶಕ್ಕೆ ಸಿಗುವ ಜಾಗ ಕಾಲು ಮಿಲಿಮೀಟರ್. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಕೊನೆಯ ಗುಂಡನ್ನು 10.8ಕ್ಕೆ ಹೊಡೆದು ಚಿನ್ನ ಗೆದ್ದದ್ದು ಇಂಥ ಜಾಗದಲ್ಲಿ. ಹಿಂದಿನ, ಮುಂದಿನ ಸೈಟುಗಳ ನಡುವೆ ಮುಕ್ಕಾಲು ಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಒಂದು ತುದಿ ಇನ್ನೊಂದಕ್ಕಿಂತ ಮಿಲಿಮೀಟರಿನ ಐವತ್ತರಲ್ಲೊಂದು ಪಾಲು ಸರಿದರೂ ಒಂದು ದಶಾಂಶ ಕೈಬಿಟ್ಟು ಹೋಯಿತು. ಟ್ರಿಗರ್ ಎಳೆಯುವ ಕೈ ಅಷ್ಟು ಸರಿಸಲು ಬೇರೇನೂ ಮಾಡಬೇಕಿಲ್ಲ, ಗ್ರಿಪ್ಪನ್ನು ಒಂದು ಬದಿಗೆ ಚೂರು ಹೆಚ್ಚು ಅದುಮಿದರೆ ಮುಗಿಯಿತು.

ಎಲ್ಲ ಬಂದೂಕಿಗೂ ಪಿಸ್ತೂಲ್ ಗ್ರಿಪ್ ಎನ್ನುವ ಈ ಹಿಡಿ ಬೇಕಿಲ್ಲ. ಕೊಡಗಿನ ಮನೆಗಳಲ್ಲಿ ಕೈಲ್‌ಮುಹೂರ್ತದ ದಿನ ಹೂವಿಟ್ಟು ಪೂಜಿಸುವ ಕೋವಿಗಳಲ್ಲಿ ಹಳೆಯ ಜೋಡುನಳಿಗೆ ಇದ್ದರೆ ಅದರ ಕುತ್ತಿಗೆ ಹಲವು ಸಲ ನೇರವಾಗಿಯೇ ಇರುತ್ತದೆ. ಮುಂದಿನ ಟ್ರಿಗರಿನಿಂದ ಹಿಂದಿನದಕ್ಕೆ ಕೈ ಜಾರಬೇಕಲ್ಲ, ಅದಕ್ಕೆ. ಹಾರುವುದನ್ನೋ ಓಡುವುದನ್ನೋ ಹಿಂಬಾಲಿಸುವ ಬಂದೂಕಿಗೆ ಚಲನೆ ಬೇಕು, ನೇರ ಕುತ್ತಿಗೆ ಅದಕ್ಕೆ ಒಪ್ಪುತ್ತದೆ. ಪಿಸ್ತೂಲ್ ಗ್ರಿಪ್ ನಿಂತ ಕಡೆ ನಿಲ್ಲಬೇಕಾದ ಬಂದೂಕಿನದು. ಒಂದೂಕಾಲು ಗಂಟೆ, ಅರವತ್ತು ಗುಂಡು. ಪ್ರತಿ ಸಲವೂ ಕೈ ಅದೇ ತಾವಿಗೆ ಬಂದು ಕೂರಬೇಕು.

ಆಯ್ಕೆಯ ವಿಚಾರ. ರಿಂಕ್‌ನಂಥ ತಯಾರಕರು ಅಂಗೈಯ ಅಳತೆ ನೋಡಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಕೊಡುತ್ತಾರೆ. ಎಡಗೈಗೆ ಬೇರೆ, ಬಲಗೈಗೆ ಬೇರೆ. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ ಎಂದು ಹಳಬರು ಹೇಳುತ್ತಾರೆ, ನನಗೂ ಅದೇ ಸರಿ ಕಾಣುತ್ತದೆ. ಹೆಚ್ಚಾದ ಮರವನ್ನು ಕೆರೆದು ತೆಗೆಯಬಹುದು. ಕಡಿಮೆಯಾದರೆ ಎಪಾಕ್ಸಿ ಪುಟ್ಟಿ ಮೆತ್ತಬೇಕು. ಅದೂ ನಡೆಯುತ್ತದೆ, ಆದರೆ ಬೆವರಿದಾಗ ಪುಟ್ಟಿ ಮರದ ಹಾಗೆ ವರ್ತಿಸುವುದಿಲ್ಲ. ಬಣ್ಣಬಣ್ಣದ ಪದರು ಅಂಟಿಸಿದ ಮರದ ಗ್ರಿಪ್ಪುಗಳೂ ಸಿಗುತ್ತವೆ. ಗಟ್ಟಿ, ಹವೆಗೆ ಬಾಗುವುದಿಲ್ಲ, ಫೋಟೋದಲ್ಲಿ ಚೆನ್ನಾಗಿ ಬರುತ್ತವೆ. ನನ್ನ ಕಣ್ಣಿಗೆ ಅವು ಸ್ವಲ್ಪ ಹಬ್ಬದ ಸಂತೆ.

ಕೈಗೆ ಹೊಂದಿತೋ ಇಲ್ಲವೋ ತಿಳಿಯುವುದಕ್ಕೆ ಒಂದು ಅಗ್ಗದ ಉಪಾಯವಿದೆ. ಅಂಗೈಗೆ ಮುಖದ ಪೌಡರ್ ತೆಳುವಾಗಿ ಸವರಿಕೊಂಡು, ಭಂಗಿಯಲ್ಲಿ ನಿಂತು, ಗ್ರಿಪ್ ಹಿಡಿದು, ಕೈ ಬಿಟ್ಟು ನೋಡುವುದು. ಬಿಳಿ ಹತ್ತಿದ ಕಡೆ ಕೈ ತಾಗಿದೆ, ಕಂದು ಉಳಿದ ಕಡೆ ಪೊಳ್ಳು. ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ಕೆಳಗೆ ಅಗಲವಾಗಿ ಬಿಳಿ ಬಂದಿರಬೇಕು. ಅಂಗೈಯ ನಡುವೆಯೂ ಅಷ್ಟೇ. ಹೆಬ್ಬೆರಳಿನ ಬುಡದಲ್ಲಿ ಒಂದೇ ಒಂದು ದಟ್ಟ ಚುಕ್ಕೆ ಕಂಡಿತೋ, ಎಲ್ಲ ಭಾರ ಅಲ್ಲೇ ಕೂತಿದೆ ಎಂದರ್ಥ. ಅರ ಹೋಗಬೇಕಾದ ಜಾಗ ಅದು. ಒಂದೆರಡು ಸಲ ಎಳೆದು, ಮತ್ತೆ ಪೌಡರ್ ಹಚ್ಚಿ, ಮತ್ತೆ ಹಿಡಿದು ನೋಡಬೇಕು. ಮಚ್ಚಿಗೆ ಹಿಡಿ ಕೂರಿಸುವ ಆಚಾರಿ ಕೆತ್ತುವುದಕ್ಕಿಂತ ಹೆಚ್ಚು ಹೊತ್ತು ಹಿಡಿದು ನೋಡುತ್ತಾನಲ್ಲ, ಇಲ್ಲೂ ಅದೇ ತಾಳ್ಮೆ ಬೇಕು.

ತೋರುಬೆರಳಿನದು ಬೇರೆಯೇ ಕತೆ. ಅದು ಗ್ರಿಪ್ಪನ್ನು ಹಿಡಿಯುವ ಕೆಲಸಕ್ಕೆ ಬರಬಾರದು. ಬುಡದಿಂದ ತುದಿಯವರೆಗೆ ಮರಕ್ಕೆ ತಾಗದೆ ಗಾಳಿಯಲ್ಲಿ ಇರಬೇಕು, ತುದಿಯ ಮೆತ್ತೆ ಮಾತ್ರ ಟ್ರಿಗರಿನ ಮೇಲೆ ಕೂತು ನೇರ ಹಿಂದಕ್ಕೆ ಎಳೆಯಬೇಕು. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತಡೆಯಬೇಕೆಂಬ ನಿಯಮವಿದೆ. ಏರ್ ರೈಫಲಿಗೆ ಅಂಥ ಕಟ್ಟುಪಾಡಿಲ್ಲ, ಹಾಗಾಗಿ ಉಸಿರು ತಾಗಿದರೆ ಹಾರುವಷ್ಟು ಹಗುರ ಮಾಡಿಕೊಳ್ಳುತ್ತಾರೆ. ಅಷ್ಟು ಹಗುರವಾದ ಟ್ರಿಗರ್ ಮುಂದಿರುವಾಗ ಬೆರಳು ಮರಕ್ಕೆ ಉಜ್ಜುವುದು ಅಪಚಾರವೇ. ಗ್ರಿಪ್ಪನ್ನು ಹಿಂದೆ ಮುಂದೆ ಸರಿಸುವ, ತಿರುಗಿಸುವ, ಓರೆ ಮಾಡುವ ಸೌಕರ್ಯ ಇರುವುದು ಈ ಬೆರಳಿನ ಸಲುವಾಗಿ. ಮಣಿಕಟ್ಟು ಮುರಿದಂತೆ ಬಾಗಿದ್ದರೆ ಬೆರಳು ಓರೆಯಾಗಿಯೇ ಎಳೆಯುತ್ತದೆ, ಮರ ಎಷ್ಟು ಚಂದವಿದ್ದರೂ.

ನಿಜವಾದ ಪರೀಕ್ಷೆಗೆ ಪೆಲೆಟ್ ಬೇಡ. ರೈಫಲ್ ಏರಿಸಿ, ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಬೇಕು. ಕಪ್ಪು ವೃತ್ತ ಮುಂದಿನ ಸೈಟಿನ ಉಂಗುರದೊಳಗೇ ಇದೆಯೇ, ಬಲಕ್ಕೆ ಜಾರಿದೆಯೇ? ಯಾವಾಗಲೂ ಒಂದೇ ಕಡೆ ಜಾರುತ್ತಿದ್ದರೆ ಮೊದಲು ಪಾದ ನೋಡಿಕೊಳ್ಳಬೇಕು, ಗ್ರಿಪ್ಪನ್ನು ಬೈಯುವುದು ಆಮೇಲೆ. ಪಾದ ಸರಿಯಿದ್ದೂ ಜಾರಿದರೆ ಅಂಗೈ ತಳ್ಳುತ್ತಿದೆ. ಇನ್ನೊಂದು ಡ್ರೈ ಫೈರಿಂಗ್: ಪೆಲೆಟ್ ಇಲ್ಲದೆ ಟ್ರಿಗರ್ ಎಳೆದು ಮುಂದಿನ ಸೈಟನ್ನೇ ದಿಟ್ಟಿಸುವುದು. ಕಟ್ ಎಂದ ಗಳಿಗೆಯಲ್ಲಿ ಅದು ಮಿಸುಕದೆ ನಿಂತಿದ್ದರೆ ಅದಕ್ಕಿಂತ ರುಚಿಯಾದ ಕ್ಷಣ ಈ ಆಟದಲ್ಲಿ ಇಲ್ಲ. ಟಾರ್ಗೆಟ್ಟಿನ 10.9 ಕೂಡ ಅದರ ಮುಂದೆ ಸಪ್ಪೆ.

ಮೈಯ ಒರಟನ್ನೂ ಹೇಳಬೇಕು. ನುಣುಪಾಗಿ ಪಾಲಿಶ್ ಹೊಡೆದ ಗ್ರಿಪ್ ಅಂಗಡಿಯಲ್ಲಿ ಮಿಂಚುತ್ತದೆ, ಮೇ ತಿಂಗಳ ರೇಂಜಿನಲ್ಲಿ ಜಾರುತ್ತದೆ. ಅದಕ್ಕೇ ಮೈತುಂಬ ಸಣ್ಣ ಸಣ್ಣ ಕುಳಿ ಹೊಡೆದಿರುತ್ತಾರೆ. ಬೆರಳಾಡಿಸಿದರೆ ಚರ್ಮ ಹಿಡಿದುಕೊಳ್ಳುತ್ತದೆ, ಆದರೆ ಗೀರುವುದಿಲ್ಲ. ಅರ ಆಡಿಸಿದ ಕಡೆ ಈ ಕುಳಿಗಳು ಅಳಿಸಿಹೋಗುತ್ತವೆ. ಮೊನಚು ಉಳಿ ಹಿಡಿದು ಒಂದೊಂದಾಗಿ ಮತ್ತೆ ಕುಟ್ಟಬೇಕು. ಕಾರ್ಖಾನೆಯ ಕುಳಿಗಳದು ಸಾಲು ಸಾಲು, ಕೈಯಲ್ಲಿ ಕುಟ್ಟಿದವು ಚೆಲ್ಲಾಪಿಲ್ಲಿ. ಅಗಸೆ ಎಣ್ಣೆ ತೆಳ್ಳಗೆ ತಿಕ್ಕಿದರೆ ಕೆರೆದ ಜಾಗದ ಬಿಳಿಚು ಬಣ್ಣ ಮೆಲ್ಲಗೆ ಉಳಿದದ್ದರೊಡನೆ ಬೆರೆಯುತ್ತದೆ, ಪೂರ್ತಿ ಅಲ್ಲ.

ಮರವನ್ನು ಹೇಗೆ ಬೇಕಾದರೂ ಕೆತ್ತಿಕೊಳ್ಳಲು ನಿಯಮ ಬಿಡುವುದಿಲ್ಲ: ಏರ್ ರೈಫಲಿನ ಗ್ರಿಪ್ಪಿಗೆ ಹೆಬ್ಬೆರಳು ತೂರಿಸುವ ತೂತು, ಹೆಬ್ಬೆರಳಿಗೆ ಆಸರೆ ಇರುವಂತಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೊದಲ್ಲಿ ಹೊಡೆದ ಐವತ್ತು ಮೀಟರ್ ಪಿಸ್ತೂಲಿನಲ್ಲಿ ಮರ ಇಡೀ ಕೈಯನ್ನೇ ಸುತ್ತಿಕೊಳ್ಳಬಹುದಿತ್ತು, ಮಣಿಕಟ್ಟಿಗೆ ಮಾತ್ರ ಆಸರೆ ಕೊಡುವಂತಿರಲಿಲ್ಲ. ಆ ಸ್ಪರ್ಧೆ ಆಮೇಲೆ ಒಲಿಂಪಿಕ್ಸಿನಿಂದ ಹೋಯಿತು, ಜೊತೆಗೆ ಅಂಥ ವಿಚಿತ್ರ ಶಿಲ್ಪಗಳೂ ಆ ವೇದಿಕೆಯಿಂದ ಮರೆಯಾದವು.

ಕೆರೆದು, ಮೆತ್ತಿ, ಕುಟ್ಟಿದ ಗ್ರಿಪ್ಪಿಗೆ ಮರುಮಾರಾಟದ ಬೆಲೆ ಸೊನ್ನೆ. ಹಾಗಾಗಿ ಜಾಣರು ರೈಫಲಿನೊಂದಿಗೆ ಬಂದ ಮೂಲ ಗ್ರಿಪ್ಪನ್ನು ಡಬ್ಬಿಯಲ್ಲಿ ಹೊಸದಾಗಿಯೇ ಇಟ್ಟಿರುತ್ತಾರೆ. ರೈಫಲ್ ಮಾರುವಾಗ ಅದನ್ನು ಕೂರಿಸಿ ಕೊಟ್ಟು, ತಮ್ಮ ಕುರೂಪಿಯನ್ನು ಬಿಚ್ಚಿ ಇಟ್ಟುಕೊಳ್ಳುತ್ತಾರೆ. ತಳದ ಬೋಲ್ಟು ಕೂರುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ವಾಲ್ಥರಿನದು ಫೈನ್‌ವೆರ್ಕ್‌ಬೌಗೆ ಸುಮ್ಮನೆ ಹೊಂದುವುದಿಲ್ಲ. ಹಾಗಾಗಿ ಮುಂದಿನ ಲಕ್ಷಾಂತರ ರೂಪಾಯಿಯ ರೈಫಲ್ ಯಾವ ಕಂಪನಿಯದಾಗಬೇಕು ಎಂಬುದನ್ನು ಕೆಲವರ ಮಟ್ಟಿಗೆ ಈ ಮರದ ತುಂಡೇ ತೀರ್ಮಾನಿಸಿಬಿಡುತ್ತದೆ.